ಪಾಸ್ಟರ್ ಸರಿಯಿಲ್ಲ ಅಂತ ಸಭೆ ಬಿಟ್ಟರೆ ದೇವರಿಗೆ ದ್ರೋಹ ಮಾಡಿದ ಹಾಗಾಗುತ್ತಾ?

ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನಿಮ್ಮ ಪ್ರಶ್ನೆಯಲ್ಲಿ ಭಯವೇ ಜಾಸ್ತಿ ಕಾಣುತ್ತಿದೆ. ಕಾಣಿಕೆಯ ಲೆಕ್ಕ ಯಾರಿಗೂ ತೋರಿಸುವುದಿಲ್ಲ, ಸಭೆಯ ಆಡಳಿತ ನೋಡುವ ಹಿರಿಯರು ಎರಡು ಗುಂಪಾಗಿದ್ದಾರೆ, ಬಿಟ್ಟು ಹೋದವರಿಗೆ ಶಾಪ ತಟ್ಟುತ್ತದೆ ಎಂದು ಪಾಸ್ಟರೇ ಹೇಳುತ್ತಾರೆ ಅಂತ ಬರೆದಿದ್ದೀರಿ. ನಾನೂ ಇಂಥದ್ದೇ ಒಂದು ಸಭೆಯಲ್ಲಿ ಬಹಳ ಕಾಲ ಇದ್ದು ಹೊರಗೆ ಬಂದವನು.

ತಪ್ಪೇ ಮಾಡದ ಪಾಸ್ಟರ್ ಎಲ್ಲೂ ಸಿಗುವುದಿಲ್ಲ. ತಪ್ಪನ್ನು ಯಾರಾದರೂ ಕೇಳಿದಾಗ ಏನಾಗುತ್ತದೆ, ಅದನ್ನು ನೋಡಿ. ನಮ್ಮಲ್ಲಿ ವರ್ಷದ ಲೆಕ್ಕಪತ್ರ ಮಂಡಿಸುವ ದಿನ ಒಬ್ಬ ಹಿರಿಯರು ಎದ್ದು ನಿಂತು, ಕಟ್ಟಡ ನಿಧಿಯ ಬ್ಯಾಂಕ್ ಲೆಕ್ಕ ಒಮ್ಮೆ ನೋಡಬಹುದಾ ಎಂದು ಕೇಳಿದರು. ದನಿ ಕೂಡ ಎತ್ತಲಿಲ್ಲ. ಮುಂದಿನ ಭಾನುವಾರ ಪ್ರಸಂಗವೆಲ್ಲ ಬೈಬಲಿನ ಕೋರಹನ ಮೇಲೆ. ಮೋಶೆಗೆ ಎದುರು ನಿಂತವರನ್ನು ಭೂಮಿ ಬಾಯಿ ತೆರೆದು ನುಂಗಿತು ಎನ್ನುವಾಗ ಪಾಸ್ಟರ್ ಕಣ್ಣು ಆ ಹಿರಿಯರು ಕೂತ ಬೆಂಚಿನ ಮೇಲೇ ಇತ್ತು. ಆರಾಧನೆ ಮುಗಿದ ಮೇಲೆ ಅವರ ಹತ್ತಿರ ಯಾರೂ ಹೋಗಲಿಲ್ಲ, ಅವರ ಹೆಂಡತಿ ಸುಮ್ನೆ ಬೈಬಲ್ ಚೀಲದ ಜಿಪ್ ಎಳೆಯುತ್ತಾ ನಿಂತಿದ್ದರು. ಲೆಕ್ಕದಲ್ಲಿ ಮೋಸ ಇತ್ತೋ ಇಲ್ಲವೋ, ಅದು ಬೇರೆ ಮಾತು. ಕೇಳಿದವರಿಗೆ ಈ ಗತಿಯಾಗುವ ಕಡೆ ನನ್ನ ಮಕ್ಕಳು ಬೆಳೆಯುವುದು ಬೇಡ ಅನ್ನಿಸಿತು.

ಅಭಿಷಿಕ್ತರನ್ನು, ಅಂದರೆ ದೇವರು ಆರಿಸಿಕೊಂಡವರನ್ನು, ಮುಟ್ಟಬಾರದು ಅನ್ನುವ ವಚನ ನಿಮಗೂ ಹೇಳಿರುತ್ತಾರೆ. ಕೀರ್ತನೆ 105 ತೆರೆದು 9ನೇ ವಚನದಿಂದ 15ರ ತನಕ ಓದಿ. ಅಲ್ಲಿ ಆ ಮಾತು ಅಬ್ರಹಾಮ, ಇಸಾಕ, ಯಾಕೋಬರ ಬಗ್ಗೆ. ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಬೆರಳೆಣಿಕೆಯ ಜನ. ಅವರಿಗೆ ಕೇಡು ಮಾಡಬೇಡಿ ಎಂದು ದೇವರು ಎಚ್ಚರಿಸುವುದು ರಾಜರನ್ನು! ಬಲ ಇಲ್ಲದವರನ್ನು ಕಾಯುವ ಮಾತನ್ನು ಅಧಿಕಾರ ಇರುವವರು ತಮಗೆ ಗುರಾಣಿ ಮಾಡಿಕೊಂಡಿದ್ದಾರೆ, ಇದಕ್ಕಿಂತ ಸಿಟ್ಟು ಬರಿಸುವ ವಿಷಯ ನನಗೆ ಇನ್ನೊಂದಿಲ್ಲ. ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ರಾಜ ಸೌಲ ಕೈಗೆ ಸಿಕ್ಕರೂ, ಅವನು ಅಭಿಷಿಕ್ತ ಅಂತ ದಾವೀದ ಕೊಲ್ಲಲಿಲ್ಲ ಅಂತಲೂ ಹೇಳುತ್ತಾರೆ. ನಿಜ. ಆದರೆ ಅದೇ ದಾವೀದ ಸೌಲ ಈಟಿ ಎಸೆದಾಗ ತಪ್ಪಿಸಿಕೊಂಡು ಓಡಿದ, ಅದುಲ್ಲಾಮ್ ಗವಿ ಸೇರಿದ, ಮುಂದೆ ಏಂಗೆದಿಯಲ್ಲಿ ಸೌಲನನ್ನು ಕೂಗಿ ಕರೆದು ಅವನು ಮಾಡುತ್ತಿರುವ ಅನ್ಯಾಯವನ್ನು ಮುಖಕ್ಕೇ ಹೇಳಿದ. ಕೈ ಎತ್ತಲಿಲ್ಲ, ಅಷ್ಟೇ.

ಬಿಡುವ ಮೊದಲು ಮತ್ತಾಯ 18ರ ದಾರಿ ಹಿಡಿಯಿರಿ. ಒಬ್ಬರೇ ಹೋಗಿ ಮಾತಾಡಿ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಆಮೇಲೆ ಸಭೆಯ ಮುಂದೆ ಇಡಿ. ಮೇಲೆ ಬಿಷಪ್ ಅಥವಾ ಆಡಳಿತ ಮಂಡಳಿ ಇದ್ದರೆ ಅವರಿಗೂ ಬರೆಯಿರಿ. ಹಿರಿಯರ ಮೇಲಿನ ದೂರಿಗೆ ಇಬ್ಬರು ಮೂವರು ಸಾಕ್ಷಿಗಳಿರಬೇಕು ಅನ್ನುವ 1 ತಿಮೊಥೆಯ 5ನ್ನು ಎಲ್ಲರೂ ನೆನಪಿಸುತ್ತಾರೆ, ಪಾಪದಲ್ಲಿ ಮುಂದುವರಿಯುವವರನ್ನು ಎಲ್ಲರ ಎದುರಿಗೇ ಗದರಿಸು ಅನ್ನುವ ಮುಂದಿನ ವಚನವನ್ನು ಮಾತ್ರ ಯಾರೂ ಓದುವುದಿಲ್ಲ.

ಆದರೆ ಮಗುವಿನ ಮೇಲೆ ದೌರ್ಜನ್ಯ, ಹೆಂಗಸರ ಮೈ ಮುಟ್ಟುವುದು, ಹೊಡೆತ ಇಂಥದ್ದಾದರೆ ಈ ಯಾವುದಕ್ಕೂ ಕಾಯಬೇಡಿ. ನೇರವಾಗಿ ಪೊಲೀಸರ ಹತ್ತಿರ ಹೋಗಿ. ಸಭೆಯ ಹೆಸರು ಕೆಡುತ್ತದೆ, ಕ್ಷಮಿಸಿಬಿಡಿ ಅನ್ನುವವರ ಮಾತಿಗೆ ಕಿವಿ ಕೊಡಬೇಡಿ.

ಹೊರಡುವುದೇ ಆದರೆ ಕಾರಣ ಬರೆದು ನಾಲ್ಕು ಸಾಲಿನ ಪತ್ರ ಕೊಟ್ಟು ಹೊರಡಿ. ಮೊದಮೊದಲು ಭಾನುವಾರ ಬಂದರೆ ಎದೆ ಭಾರ ಆಗುತ್ತದೆ. ಅದನ್ನು ಶಾಪ ಅಂದುಕೊಳ್ಳಬೇಡಿ, ನಿಮ್ಮ ಮನೆಯ ಮದುವೆಗೂ ಸಾವಿಗೂ ಜೊತೆ ನಿಂತವರಿಂದ ದೂರ ಆದಾಗ ಯಾರಿಗಾದರೂ ಹಾಗೇ ಆಗುತ್ತದೆ. ಅವಸರಪಟ್ಟು ಇನ್ನೊಂದು ಸಭೆಯ ಸದಸ್ಯರಾಗಬೇಡಿ. ಕೆಲವು ತಿಂಗಳು ಹಿಂದಿನ ಸಾಲಲ್ಲಿ ಕೂತು ನೋಡಿ, ಅಲ್ಲಿ ಲೆಕ್ಕ ಯಾರು ನೋಡುತ್ತಾರೆ, ಹಿರಿಯರನ್ನು ಯಾರು ಆರಿಸುತ್ತಾರೆ ಅಂತ ವಿಚಾರಿಸಿ, ಆ ಸಭೆ ಬಿಟ್ಟು ಹೋದ ಯಾರಾದರೂ ಸಿಕ್ಕರೆ ಅವರನ್ನೂ ಮಾತಾಡಿಸಿ.