ಒಬ್ಬರೇ ಮಾತಾಡುವ ನಾಟಕದಲ್ಲಿ ನೋಡುವುದೇನು?

ಶಿರಸಿಯಲ್ಲಿ ನೋಡಿದ ಏಕವ್ಯಕ್ತಿ ನಾಟಕ ‘ಬರೀ ಮಾತು’ ಅನ್ನಿಸಿತು, ಗಮನ ಎಲ್ಲಿಡಬೇಕಿತ್ತು ಎಂದು ಕೇಳಿದ್ದೀರಿ. ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆ ಕೇಳಿ ಪಳಗಿದ ಕಿವಿಯಾದರೆ ಅರ್ಧ ಕೆಲಸ ಆದಂತೆ. ಅಲ್ಲಿ ಪಾತ್ರದ ಮಾತಾಡುವ ಅರ್ಥಧಾರಿ ಕೌರವನ ಪಕ್ಷ ಹಿಡಿದು ವಾದಿಸುವಾಗ ನಾವು ಅದನ್ನೇ ಸತ್ಯ ಅಂದುಕೊಳ್ಳುವುದಿಲ್ಲ. ಮಾತು ಎಲ್ಲಿ ಜಾರಿತು ಎಂದು ಕಾಯುತ್ತೇವೆ. ಇಲ್ಲೂ ಹಾಗೇ ಕಾಯಬೇಕು. ಪಾತ್ರ ಹೇಳಿದ್ದನ್ನೆಲ್ಲ ನಂಬಿ ಕೂತರೆ ನಾಟಕ ಸಪ್ಪೆಯಾಗುತ್ತದೆ.

ಬಾಲ್ಯವನ್ನು ಶಿರಸಿಯಲ್ಲಿ ಕಳೆದ ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ ಓದಿ. ಟಿವಿ ಸ್ಟುಡಿಯೋದಲ್ಲಿ ಭಾಷಣ ಮುಗಿಸಿದ ಲೇಖಕಿ ಮಂಜುಳಾ ನಾಯಕಳನ್ನು ಪರದೆಯ ಮೇಲಿನ ಅವಳದೇ ಬಿಂಬ ಪ್ರಶ್ನಿಸತೊಡಗುತ್ತದೆ. ತಂಗಿ ಮಾಲಿನಿಯ ಹೆಸರು ಬಂದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ, ಆ ಪುಟಗಳನ್ನು ಗಟ್ಟಿಯಾಗಿ ಎರಡು ಸಲ ಓದಿ. ಮೊದಲ ಸಲ ಹೆಮ್ಮೆ ಕೇಳಿಸಿದಲ್ಲಿ ಎರಡನೇ ಸಲ ಹೊಟ್ಟೆಕಿಚ್ಚು ಕೇಳಿಸುತ್ತದೆ. ರಂಗದ ಮೇಲೆ ನೋಡುವಾಗ ನಟಿಯ ಮೌನ ಗಮನಿಸಿ. ಬಿಂಬದ ಮಾತು ಮೊದಲೇ ಚಿತ್ರೀಕರಿಸಿದ್ದಾದರೆ, ಪ್ರೇಕ್ಷಕರು ನಕ್ಕರೂ ಅದು ನಿಲ್ಲದು. ನಟಿಯ ಉತ್ತರ ಅರೆಕ್ಷಣ ತಡವಾದರೆ ಎರಡು ದನಿ ಒಂದರ ಮೇಲೊಂದು ಬಿದ್ದು ಭ್ರಮೆ ಒಡೆಯುತ್ತದೆ. ಎಂಥ ಕಷ್ಟದ ಕೆಲಸ ಅದು!

ಆಮೇಲೆ ಅವರದೇ ‘ಹೂವು’. ಶಿವಲಿಂಗದ ಪ್ರಸಾದದಲ್ಲಿ ಪಾಳೆಯಗಾರನಿಗೆ ಉದ್ದ ಕೂದಲು ಸಿಕ್ಕಾಗ ಅರ್ಚಕ ಕೊಡುವ ಸಮಜಾಯಿಷಿಯನ್ನು ನಿಧಾನವಾಗಿ ಓದಿ. ಅವನು ಯಾರಿಗೆ ಉತ್ತರಿಸುತ್ತಿದ್ದಾನೆ, ಪಾಳೆಯಗಾರನಿಗೋ, ಲಿಂಗಕ್ಕೋ?