ಫೋರ್ಟೆ ಎಂದು ಟೈಪ್ ಮಾಡಿದರೆ ಸಾಲದು: ಸ್ವರಲಿಪಿ ತಂತ್ರಾಂಶದ ಕುರಿತು ಓದುಗರ ಪ್ರಶ್ನೆಗಳು

ಈ ಬಾರಿ ಆಯ್ದುಕೊಂಡ ಪತ್ರಗಳೆಲ್ಲವೂ ಐದು ಗೆರೆಗಳ ಸ್ಟಾಫಿನ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಪದ್ಧತಿಯಾದ ಸ್ಟಾಫ್ ನೊಟೇಶನ್ನಿನಲ್ಲಿ ನಾದದ ಏರಿಳಿತವನ್ನೂ ಭಾವವನ್ನೂ ಸೂಚಿಸುವ ಗುರುತುಗಳಿಗೆ ಸಂಬಂಧಿಸಿದವು. ಬರೆದವರಲ್ಲಿ ಹೆಚ್ಚಿನವರು ಉಚಿತವಾಗಿ ದೊರೆಯುವ ಮ್ಯೂಸ್‌ಸ್ಕೋರ್ ಬಳಸುತ್ತಿರುವುದರಿಂದ ಕೀಲಿಗಳ ವಿವರವನ್ನು ಅದರ 4ನೇ ಆವೃತ್ತಿಗೆ ಅನುಗುಣವಾಗಿ ಕೊಟ್ಟಿದ್ದೇನೆ. ಮ್ಯಾಕ್ ಉಳ್ಳವರು ಕಂಟ್ರೋಲ್ ಎಂದಿರುವಲ್ಲಿ ಕಮಾಂಡ್ ಎಂದು ಓದಿಕೊಳ್ಳಬೇಕು.

ಪ್ರಶ್ನೆ: ನಾನು ಮಕ್ಕಳಿಗೆ ಪಾಶ್ಚಾತ್ಯ ಶೈಲಿಯ ಪಿಟೀಲು ಕಲಿಸುತ್ತೇನೆ. ಪಾಠಗಳನ್ನು ಮ್ಯೂಸ್‌ಸ್ಕೋರ್‌ನಲ್ಲಿ ಬರೆದು, ಬೇಕಾದಲ್ಲಿ ಎಫ್ (ಫೋರ್ಟೆ, ಗಟ್ಟಿಯಾಗಿ), ಪಿ (ಪಿಯಾನೊ, ಮೆಲ್ಲಗೆ) ಅಕ್ಷರಗಳನ್ನೂ ಕ್ರೆಶೆಂಡೊ (ಕ್ರಮೇಣ ಏರಿಸುವುದು) ಎಂಬ ಪದವನ್ನೂ ಸ್ಟಾಫ್ ಟೆಕ್ಸ್ಟ್ ಆಗಿ ಟೈಪ್ ಮಾಡಿದ್ದೇನೆ. ಆದರೆ ನುಡಿಸಿ ಕೇಳಿದರೆ ಎಲ್ಲವೂ ಒಂದೇ ಮಟ್ಟದಲ್ಲಿದೆ, ಅಕ್ಷರಗಳೂ ಅಚ್ಚಿನ ಪುಸ್ತಕದಲ್ಲಿರುವಂತೆ ಕಾಣುವುದಿಲ್ಲ. (ಓದುಗರೊಬ್ಬರು, ಮೈಸೂರು)

ಉತ್ತರ: ಸ್ಟಾಫ್ ಟೆಕ್ಸ್ಟ್ ಎಂಬುದು ತಂತ್ರಾಂಶದ ಪಾಲಿಗೆ ಬರಿಯ ಬರಹ. ನೀವು ಅಲ್ಲಿ ಎಫ್ ಎಂದು ಬರೆದರೂ, ‘ಇಲ್ಲಿ ಬಿಲ್ಲನ್ನು ಎತ್ತಿ’ ಎಂದು ಬರೆದರೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಡೈನಮಿಕ್ (ಧ್ವನಿಮಟ್ಟದ ಗುರುತು) ಎಂದು ಸೇರಿಸಿದ ಎಫ್ ಹಾಗಲ್ಲ: ಅದು ನಿರ್ದಿಷ್ಟ ಸ್ವರವೊಂದಕ್ಕೆ ಅಂಟಿಕೊಂಡಿರುತ್ತದೆ, ಸಾಲು ಮುರಿದು ಬಾರ್ (ಎರಡು ನಿಂತ ಗೆರೆಗಳ ನಡುವಿನ ಭಾಗ) ಮುಂದಿನ ಪುಟಕ್ಕೆ ಹೋದರೆ ತಾನೂ ಜೊತೆಗೆ ಹೋಗುತ್ತದೆ, ನುಡಿಸುವಾಗ ಇಂತಿಷ್ಟು ಗಟ್ಟಿ ಎಂಬ ಮಟ್ಟವನ್ನು ಹೇಳುತ್ತದೆ, ಮತ್ತು ಪಠ್ಯದ ಫಾಂಟಿನಿಂದಲ್ಲದೆ ಸಂಗೀತದ ಫಾಂಟಿನಿಂದ ಅಕ್ಷರರೂಪ ಪಡೆಯುವುದರಿಂದ ನೀವು ಅಚ್ಚಿನ ಪುಸ್ತಕದಲ್ಲಿ ಕಂಡ ಆ ದಪ್ಪ, ಓರೆ ಎಫ್ ಆಗಿಯೇ ಕಾಣಿಸುತ್ತದೆ. ಮ್ಯೂಸ್‌ಸ್ಕೋರಿನ 3ನೇ ಆವೃತ್ತಿಯಲ್ಲಿ ಈ ಮಟ್ಟಗಳು ಅಂಕಿಗಳಾಗಿಯೇ ಕಣ್ಣಿಗೆ ಬೀಳುತ್ತಿದ್ದವು. ವಾದ್ಯ, ಕಂಪ್ಯೂಟರುಗಳ ನಡುವಿನ ವಿನಿಮಯಕ್ಕಿರುವ ಮಿಡಿ ಪದ್ಧತಿಯ 127ರ ಅಳತೆಯಲ್ಲಿ ಪಿ ಎಂದರೆ 49, ಎಂಎಫ್ (ಸಾಧಾರಣ ಗಟ್ಟಿ) ಎಂದರೆ 80, ಎಫ್ ಎಂದರೆ 96 ಎಂದಿತ್ತು.

ಆದ್ದರಿಂದ ಟೈಪ್ ಮಾಡಿದ್ದನ್ನು ಅಳಿಸಿ, ಸ್ವರವನ್ನು ಆಯ್ದು, ಎಫ್9 ಒತ್ತಿದಾಗ ತೆರೆಯುವ ಪ್ಯಾಲೆಟ್‌ನ ಡೈನಮಿಕ್ಸ್ ವಿಭಾಗದಲ್ಲಿ ಬೇಕಾದ ಗುರುತಿನ ಮೇಲೆ ಕ್ಲಿಕ್ ಮಾಡಿರಿ. ಇತ್ತೀಚಿನ ಬಿಡುಗಡೆಗಳಲ್ಲಿ ಕಂಟ್ರೋಲ್ ಮತ್ತು ಡಿ ಒತ್ತಿ ಅಕ್ಷರಗಳನ್ನು ನೇರವಾಗಿ ಟೈಪ್ ಮಾಡಬಹುದು. ಅಲ್ಲಿ ಟೈಪ್ ಮಾಡಿದ್ದು ಡೈನಮಿಕ್ ಆಗಿಯೇ ಉಳಿಯುತ್ತದೆ. ಕ್ರೆಶೆಂಡೊದ ಬಾಯ್ತೆರೆದ ರೇಖೆ, ಅಂದರೆ ಹೇರ್‌ಪಿನ್, ಬೇಕಾದಾಗ ಮೊದಲ ಸ್ವರವನ್ನು ಕ್ಲಿಕ್ ಮಾಡಿ, ಶಿಫ್ಟ್ ಹಿಡಿದು ಕೊನೆಯ ಸ್ವರವನ್ನು ಕ್ಲಿಕ್ ಮಾಡಿ, ಬಳಿಕ ಶಿಫ್ಟ್‌ನೊಡನೆ ಅಲ್ಪವಿರಾಮದ ಕೀಲಿಯನ್ನು ಒತ್ತಬೇಕು. ಡಿಮಿನ್ಯುಎಂಡೊಗೆ, ಅಂದರೆ ಕ್ರಮೇಣ ಇಳಿಸುವುದಕ್ಕೆ, ಶಿಫ್ಟ್‌ನೊಡನೆ ಪೂರ್ಣವಿರಾಮದ ಕೀಲಿ. ರೇಖೆಯ ಬದಲು ಪದವೇ ಬೇಕೆಂದರೆ ಪ್ಯಾಲೆಟ್‌ನಲ್ಲಿ ಚುಕ್ಕೆಗೆರೆಯೊಡನೆ ಬರುವ ಕ್ರೆಶೆಂಡೊ ಇದೆ. ಅದನ್ನು ಬಳಸಿದರೆ ಧ್ವನಿಯೂ ಏರುತ್ತದೆ.

ಇಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ. 5ನೇ ಬಾರಿನ ಮೊದಲ ಪೆಟ್ಟಿನಲ್ಲಿ ಪಿ ಇದೆ, 7ನೇ ಬಾರಿನ ಮೊದಲ ಪೆಟ್ಟಿನಲ್ಲಿ ಎಫ್ ಬರಬೇಕು ಎಂದಿಟ್ಟುಕೊಳ್ಳಿ. ಹೇರ್‌ಪಿನ್ನಿಗಾಗಿ 7ನೇ ಬಾರಿನ ಆ ಮೊದಲ ಸ್ವರವನ್ನೂ ಆಯ್ಕೆಯಲ್ಲಿ ಸೇರಿಸಿಕೊಂಡರೆ ರೇಖೆಯ ಅವಧಿ ಆ ಸ್ವರ ಮುಗಿಯುವವರೆಗೂ ಚಾಚುತ್ತದೆ, ಎಫ್ ಅದರ ಹೊಟ್ಟೆಯೊಳಗೆ ಸಿಕ್ಕಿಕೊಳ್ಳುತ್ತದೆ. 6ನೇ ಬಾರಿನ ಕೊನೆಯ ಸ್ವರದವರೆಗೆ ಮಾತ್ರ ಆಯ್ದರೆ ರೇಖೆ ಎಫ್ ಅಕ್ಷರದ ಹೊಸ್ತಿಲಲ್ಲಿ ನಿಲ್ಲುತ್ತದೆ. ತುದಿಯಲ್ಲಿ ಯಾವ ಗುರುತೂ ಇಲ್ಲದ ಹೇರ್‌ಪಿನ್ನನ್ನು ಮಾತ್ರ ಎಂದಿಗೂ ಬಿಡಬೇಡಿ. ಎಲ್ಲಿಗೆ ಏರಬೇಕೆಂದು ತಿಳಿಯದೆ ತಂತ್ರಾಂಶ ತನ್ನ ಅಂದಾಜಿಗೆ ತಕ್ಕಷ್ಟು ಏರಿಸುತ್ತದೆ, ನಿಮ್ಮ ವಿದ್ಯಾರ್ಥಿಯಾದರೋ ಬಿಲ್ಲಿನ ಬಲವೆಲ್ಲವನ್ನೂ ಮೊದಲ ಬಾರಿನಲ್ಲಿಯೇ ಖರ್ಚು ಮಾಡಿಬಿಡುತ್ತಾನೆ.

ಡೋಲ್ಚೆ, ಎಸ್‌ಪ್ರೆಸ್ಸಿವೊ ಮುಂತಾದ ಭಾವಸೂಚಕ ಪದಗಳಿಗೆ ಕಂಟ್ರೋಲ್ ಮತ್ತು ಇ ಒತ್ತಿದರೆ ಎಕ್ಸ್‌ಪ್ರೆಶನ್ ಟೆಕ್ಸ್ಟ್ ದೊರೆಯುತ್ತದೆ. ಇವು ಓರೆ ಅಕ್ಷರದಲ್ಲಿ ಸ್ಟಾಫಿನ ಕೆಳಗೆ ಬರುತ್ತವೆ, ಧ್ವನಿಯನ್ನು ಬದಲಿಸುವುದಿಲ್ಲ. ಬದಲಿಸಬೇಕಾಗಿಯೂ ಇಲ್ಲ, ಏಕೆಂದರೆ ‘ಸಿಹಿಯಾಗಿ’ ಎಂಬ ಮಾತನ್ನು ಅರ್ಥಮಾಡಿಕೊಳ್ಳಬೇಕಾದವರು ಪಿಟೀಲು ಹಿಡಿದವರು. ಶಿಫ್ಟ್‌ನೊಡನೆ ಎಸ್ ಒತ್ತಿದರೆ ಸ್ಟಕಾಟೊ (ತುಂಡಾಗಿ), ಶಿಫ್ಟ್‌ನೊಡನೆ ವಿ ಒತ್ತಿದರೆ ಆಕ್ಸೆಂಟ್ (ಒತ್ತಿ), ಶಿಫ್ಟ್‌ನೊಡನೆ ಎನ್ ಒತ್ತಿದರೆ ಟೆನ್ಯುಟೊ (ಪೂರ್ಣ ಅವಧಿ ಹಿಡಿದು). ಬರಿಯ ಎಸ್ ಒತ್ತಿದರೆ ಸ್ಲರ್ (ಸ್ವರಗಳನ್ನು ಬೆಸೆಯುವ ಕಮಾನುಗೆರೆ).

ಪ್ರಶ್ನೆ: ನಮ್ಮ ಚರ್ಚಿನ ಗಾಯನವೃಂದಕ್ಕಾಗಿ ಕನ್ನಡ ಸ್ತುತಿಗೀತೆಗಳನ್ನು ನಾಲ್ಕು ಧ್ವನಿಗಳಲ್ಲಿ, ಎರಡು ಸ್ಟಾಫ್‌ಗಳಲ್ಲಿ ಬರೆಯುತ್ತಿದ್ದೇನೆ. ಡೈನಮಿಕ್ಸ್ ಸೇರಿಸಿದೊಡನೆ ಅವು ಸಾಹಿತ್ಯದ ಸಾಲಿಗೆ ಹೋಗಿ ಬಡಿಯುತ್ತವೆ. ಎರಡನೆಯ ಚರಣವನ್ನು ಮೆಲ್ಲಗೆ ಹಾಡಿಸಬೇಕೆಂದರೆ ಹೇಗೆ ಸೂಚಿಸುವುದು? (ಓದುಗರೊಬ್ಬರು, ಮಂಗಳೂರು)

ಉತ್ತರ: ಬಾಸೆಲ್ ಮಿಶನ್ನಿನವರು 1834ರಲ್ಲಿ ಬಂದಿಳಿದ ಊರಿನಿಂದ ಈ ಪ್ರಶ್ನೆ ಬಂದಿರುವುದು ಸಹಜವೇ, ಜರ್ಮನ್ ಕೋರಾಲ್ (ಚರ್ಚಿನ ಸಮೂಹಗೀತೆ) ಧಾಟಿಗೆ ಕನ್ನಡ ಪದ ಕೂಡಿಸಿ ಹಾಡುವ ರೂಢಿ ನಿಮ್ಮಲ್ಲಿ ಬಹಳ ಹಳೆಯದು. ಮೊದಲು ಗುರುತು ನಿಲ್ಲಬೇಕಾದ ಸ್ಥಳವನ್ನು ನೋಡೋಣ. ವಾದ್ಯಗಳಿಗೆ ಡೈನಮಿಕ್ ಸ್ಟಾಫಿನ ಕೆಳಗೆ ಬರುತ್ತದೆ, ಪಿಯಾನೊಗೆ ಎರಡು ಸ್ಟಾಫ್‌ಗಳ ನಡುವೆ. ಗಾಯನಕ್ಕೆ ಮಾತ್ರ ಮೇಲ್ಗಡೆ, ಏಕೆಂದರೆ ಕೆಳಗಿನ ಜಾಗ ಸಾಹಿತ್ಯಕ್ಕೆ ಸೇರಿದ್ದು. ಗುರುತನ್ನು ಆಯ್ದು ಎಕ್ಸ್ ಕೀಲಿ ಒತ್ತಿದರೆ ಅದು ಕೆಳಗಿನಿಂದ ಮೇಲಕ್ಕೆ ಹಾರುತ್ತದೆ.

ಆದರೆ ನಿಮ್ಮದು ಎರಡು ಸ್ಟಾಫ್‌ಗಳ ನಡುವೆ ಸಾಹಿತ್ಯವಿರುವ ವಿನ್ಯಾಸ. ಅಲ್ಲಿ ಕೆಳಗಿನ ಸ್ಟಾಫಿನ ಗುರುತನ್ನೂ ಮೇಲಕ್ಕೆ ಹಾರಿಸಿದರೆ ಅದು ಅದೇ ಸಾಹಿತ್ಯದೊಳಗೆ ಬಂದು ಬೀಳುತ್ತದೆ. ರೋಮನ್ ಲಿಪಿಗೆ ಲೆಕ್ಕ ಹಾಕಿಟ್ಟ ಅಂತರ ನಮ್ಮ ಲಿಪಿಗೆ ಸಾಲುವುದಿಲ್ಲ. ‘ಸ್ತೋತ್ರ’, ‘ಕ್ರಿಸ್ತ’ ಎಂಬ ಪದಗಳ ಒತ್ತಕ್ಷರಗಳು ಸಾಲಿನಿಂದ ಕೆಳಗೆ ಇಳಿದು ಟೆನರ್ (ಗಂಡಸರ ಮೇಲಿನ ಧ್ವನಿ) ಸ್ವರಗಳ ಕಡ್ಡಿಗಳನ್ನು ಮುಟ್ಟುವಂತಿರುತ್ತವೆ. ಆದ್ದರಿಂದ ನಾಲ್ಕೂ ಧ್ವನಿಗಳಿಗೆ ಒಂದೇ ಸೂಚನೆಯಿದ್ದರೆ ಮೇಲಿನ ಸ್ಟಾಫಿನ ಮೇಲೆ ಒಮ್ಮೆ ಬರೆದರೆ ಹಾಡುವವರಿಗೆ ಸಾಕು. ಗಂಡಸರ ಧ್ವನಿಗಳಿಗೆ ಬೇರೆ ಸೂಚನೆ ಬೇಕಾದ ಕಡೆ ಮಾತ್ರ ಅದನ್ನು ಕೆಳಗಿನ ಸ್ಟಾಫಿನ ಕೆಳಗೆ ಇಡಿರಿ. ನಡುವಿನ ಅಂತರವನ್ನು ಫಾರ್ಮ್ಯಾಟ್ ಮೆನುವಿನ ಸ್ಟೈಲ್ ಕಿಟಕಿಯಲ್ಲಿ ಇಡೀ ಕೃತಿಗೆ ಒಮ್ಮೆಲೇ ಹೆಚ್ಚಿಸಬಹುದು. ಒಂದೊಂದೇ ಗುರುತನ್ನು ಮೌಸ್‌ನಿಂದ ಎಳೆಯುತ್ತ ಕೂತರೆ ಕಾಗದದ ಅಳತೆ ಬದಲಿಸಿದ ದಿನ ಆ ಶ್ರಮವೆಲ್ಲ ನೀರುಪಾಲಾಗುತ್ತದೆ.

ಚರಣಗಳ ವಿಷಯ ಹೆಚ್ಚು ತೊಡಕಿನದು. ಒಂದೇ ಸ್ವರಸಾಲಿನ ಕೆಳಗೆ ನಾಲ್ಕು ಚರಣಗಳಿದ್ದಾಗ ಸ್ವರಕ್ಕೆ ಅಂಟಿಸಿದ ಪಿ ಎಲ್ಲ ಚರಣಗಳಿಗೂ ಅನ್ವಯಿಸುತ್ತದೆ. ಆರಂಭದಲ್ಲಿ ಸ್ಟಾಫ್ ಟೆಕ್ಸ್ಟ್ ಆಗಿ ‘2ನೇ ಚರಣ ಮೆಲ್ಲಗೆ’ ಎಂದು ಕನ್ನಡದಲ್ಲಿಯೇ ಬರೆದುಬಿಡುವುದು ನನ್ನ ಸಲಹೆ. ತಂತ್ರಾಂಶ ಅದನ್ನು ಪಾಲಿಸುವುದಿಲ್ಲ, ಹಾಡುವವರು ಪಾಲಿಸುತ್ತಾರೆ. ಮೊದಲ ಪತ್ರಕ್ಕೆ ಬರಿಯ ಬರಹ ಬೇಡವೆಂದವನು ಇಲ್ಲಿ ಅದನ್ನೇ ಸೂಚಿಸುತ್ತಿದ್ದೇನೆಂದು ತಿಳಿದವರು ಹುಬ್ಬೇರಿಸಬಹುದು. ಗುರುತಿನಲ್ಲಿ ಹೇಳಲು ಬರುವುದನ್ನು ಗುರುತಿನಲ್ಲಿಯೂ, ಬಾರದ್ದನ್ನು ಮಾತಿನಲ್ಲಿಯೂ ಹೇಳಬೇಕೆಂಬುದಷ್ಟೇ ನನ್ನ ವಾದ.

ಪ್ರಶ್ನೆ: ಕಿರುಚಿತ್ರವೊಂದಕ್ಕೆ ಸಣ್ಣ ಆರ್ಕೆಸ್ಟ್ರಾ ಸಂಗೀತ ಬರೆದಿದ್ದೇನೆ. ತುತ್ತೂರಿ ಮತ್ತು ಹಾರ್ನ್‌ಗಳ ನಡುವೆ ಫ್ಲೂಟ್ ಕೇಳಿಸುವುದೇ ಇಲ್ಲ. ಅದಕ್ಕೆ ಮೂರು ಎಫ್ ಕೊಟ್ಟ ಮೇಲೆ ಸರಿಹೋಯಿತು. ಆದರೆ ವಾದಕರೊಬ್ಬರು ಪುಟ ನೋಡಿ ನಕ್ಕರು. ಕಾರಣವೇನು? (ಓದುಗರೊಬ್ಬರು, ಬೆಂಗಳೂರು)

ಉತ್ತರ: ನೀವು ಗುರುತನ್ನು ಸ್ಪೀಕರಿಗಾಗಿ ಹಾಕಿದ್ದೀರಿ, ಓದಿದ್ದು ಮನುಷ್ಯ. ಫ್ಲೂಟಿನ ಕೆಳಸ್ಥಾಯಿಯ ಸ್ವರಗಳು ಸ್ವಭಾವದಿಂದಲೇ ಮೃದು. ಎಷ್ಟು ಎಫ್ ಬರೆದರೂ ಅಲ್ಲಿಂದ ತುತ್ತೂರಿಯನ್ನು ಮೀರಿಸುವ ಧ್ವನಿ ಹೊರಡದು. ರಷ್ಯಾದ ಸಂಗೀತರಚನಕಾರ ರಿಮ್‌ಸ್ಕಿ-ಕೊರ್ಸಕೊವ್ ಅವರ ನಿಧನಾನಂತರ 1913ರಲ್ಲಿ ಪ್ರಕಟವಾದ ವಾದ್ಯಯೋಜನೆಯ ಗ್ರಂಥ ಇದಕ್ಕೊಂದು ಸ್ಥೂಲವಾದ ಲೆಕ್ಕವನ್ನೇ ಕೊಡುತ್ತದೆ: ಫೋರ್ಟೆಯಲ್ಲಿ ಒಂದು ತುತ್ತೂರಿಗೆ ಎರಡು ಹಾರ್ನ್ ಸಮ, ಒಂದು ಹಾರ್ನಿಗೆ ಎರಡು ಫ್ಲೂಟ್ ಸಮ. ಎಂದರೆ ನಿಮ್ಮ ಒಂಟಿ ಫ್ಲೂಟ್ ಒಂದು ತುತ್ತೂರಿಯೆದುರು ನಿಲ್ಲಲು ಇನ್ನೂ ಮೂವರು ಜೊತೆಗಾರರು ಬೇಕು. ಮೆಲ್ಲಗೆ ನುಡಿಸುವಾಗ ಈ ಅಂತರ ಬಹಳ ಕಡಿಮೆಯಾಗುತ್ತದೆ, ಆದ್ದರಿಂದ ಫ್ಲೂಟಿಗೆ ಎಫ್ ಏರಿಸುವುದಕ್ಕಿಂತ ತುತ್ತೂರಿಗೆ ಪಿ ಕೊಡುವುದು ಜಾಣತನ. ಇಲ್ಲವೇ ಫ್ಲೂಟಿನ ಸಾಲನ್ನು ಒಂದು ಸ್ಥಾಯಿ ಮೇಲಕ್ಕೆ ಎತ್ತಿರಿ.

ಕಂಪ್ಯೂಟರಿನಿಂದಲೇ ಧ್ವನಿಮುದ್ರಣ ತೆಗೆದು ಚಿತ್ರಕ್ಕೆ ಬಳಸುವುದಾದರೆ ಎಫ್10 ಒತ್ತಿ ಮಿಕ್ಸರ್ ತೆರೆದು ಫ್ಲೂಟಿನ ಗುಂಡಿಯನ್ನು ಏರಿಸಿರಿ; ಪುಟದ ಮೇಲಿನ ಗುರುತನ್ನು ಮುಟ್ಟಬೇಕಾಗಿಲ್ಲ. ಕೆಲವು ಬಾರ್‌ಗಳಲ್ಲಿ ಮಾತ್ರ ಧ್ವನಿ ಬದಲಾಗಬೇಕಿದ್ದರೆ ಅಲ್ಲಿ ಗುರುತೊಂದನ್ನು ಸೇರಿಸಿ, ಅದನ್ನು ಆಯ್ದು ವಿ ಒತ್ತಿದರೆ ಅದು ಅದೃಶ್ಯವಾಗುತ್ತದೆ. ಅಚ್ಚಿನಲ್ಲಿ ಕಾಣಿಸದಿದ್ದರೂ ಅದು ಹೇಳಿದಂತೆ ತಂತ್ರಾಂಶ ನುಡಿಸುತ್ತದೆ. ಈ ಉಪಾಯವನ್ನು ಉಪ್ಪಿನಕಾಯಿಯಷ್ಟೇ ಬಳಸಿರಿ. ಕಣ್ಣಿಗೆ ಕಾಣದ ಗುರುತುಗಳು ಹೆಚ್ಚಾದರೆ ಆರು ತಿಂಗಳ ಬಳಿಕ ಕಡತ ತೆರೆದಾಗ ಧ್ವನಿ ಏಕೆ ಏರಿತು, ಏಕೆ ಇಳಿಯಿತು ಎಂಬುದು ನಿಮಗೇ ತಿಳಿಯದು.

ಅತಿರೇಕದ ಗುರುತುಗಳೇ ತಪ್ಪೆಂದು ನಾನು ಹೇಳುತ್ತಿಲ್ಲ. ಚೈಕೋವ್‌ಸ್ಕಿ 1893ರ ತಮ್ಮ ಆರನೆಯ ಸಿಂಫನಿಯ ಮೊದಲ ಭಾಗದಲ್ಲಿ ಬಸೂನ್ ಎಂಬ ಊದುವಾದ್ಯಕ್ಕೆ ಆರು ಪಿ ಬರೆದಿದ್ದಾರೆ. ಅಷ್ಟು ಮೆಲ್ಲಗೆ ಬಸೂನಿನಲ್ಲಿ ನುಡಿಸುವುದು ದುಸ್ತರವಾದ್ದರಿಂದ ಅನೇಕ ನಿರ್ದೇಶಕರು ಆ ಸ್ವರಗಳನ್ನು ಬಾಸ್ ಕ್ಲಾರಿನೆಟ್ಟಿಗೆ ವಹಿಸುತ್ತಾರೆ. ಆದರೆ ಆ ಆರು ಪಿಗಳ ಬೆನ್ನಿಗೇ ಇಡೀ ಆರ್ಕೆಸ್ಟ್ರಾ ಸಿಡಿಲಿನಂತೆ ಎರಗುತ್ತದೆ. ಗುರುತಿಗೆ ಅಲ್ಲೊಂದು ಕೆಲಸವಿದೆ.

ಪ್ರಶ್ನೆ: ಪಿಯಾನೊ ಪಾಠದಲ್ಲಿ ಒಂದೇ ಸೆಮಿಬ್ರೀವ್ (ನಾಲ್ಕು ಪೆಟ್ಟಿನ) ಸ್ವರದ ಕೆಳಗೆ ಕ್ರೆಶೆಂಡೊ ಹೇರ್‌ಪಿನ್ ಹಾಕಿದರೆ ಏನೂ ಕೇಳಿಸುವುದಿಲ್ಲ. (ಓದುಗರೊಬ್ಬರು, ಧಾರವಾಡ)

ಉತ್ತರ: ಕೇಳಿಸಬಾರದು. ಸುತ್ತಿಗೆ ತಂತಿಗೆ ತಗುಲಿದ ಕ್ಷಣದಿಂದ ಪಿಯಾನೊದ ನಾದ ಕುಗ್ಗುತ್ತ ಹೋಗುತ್ತದೆಯೇ ಹೊರತು ಏರಲಾರದು. ಅದೇ ಸಾಲನ್ನು ಚೆಲ್ಲೊಗೆ ಕೊಟ್ಟು ನೋಡಿರಿ, ಏರುತ್ತದೆ.

ಪ್ರಶ್ನೆ: ಬಹಳ ವರ್ಷ ಫಿನಾಲೆ ಬಳಸಿದವನು. ಅದು ನಿಂತುಹೋದ ಮೇಲೆ ಬೇರೆ ತಂತ್ರಾಂಶಕ್ಕೆ ಹೋಗಬೇಕಾಗಿದೆ. ಹಳೆಯ ಕಡತಗಳನ್ನು ಸಾಗಿಸಿದಾಗ ಸ್ವರಗಳು ಸರಿಯಾಗಿದ್ದರೂ ಡೈನಮಿಕ್ಸ್ ಅಲ್ಲಲ್ಲಿ ಕದಲಿವೆ. (ಓದುಗರೊಬ್ಬರು, ನ್ಯೂಜೆರ್ಸಿ)

ಉತ್ತರ: 1988ರಲ್ಲಿ ಬಂದ ಫಿನಾಲೆಯ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ ಮೇಕ್‌ಮ್ಯೂಸಿಕ್ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದಂದಿನಿಂದ ಇಂಥ ಪತ್ರಗಳು ಬರುತ್ತಲೇ ಇವೆ. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗಲು ಎಲ್ಲರೂ ಹಿಡಿಯುವ ದಾರಿ ಮ್ಯೂಸಿಕ್ಎಕ್ಸ್ಎಂಎಲ್ ಎಂಬ ವಿನಿಮಯದ ಕಡತ. ಮೈಕಲ್ ಗುಡ್ ರೂಪಿಸಿದ ಇದರ ಮೊದಲ ಆವೃತ್ತಿ 2004ರಲ್ಲಿ ಬಂದಿತು. ಇದರಲ್ಲಿ ಸ್ವರದ ಎತ್ತರವೂ ಅವಧಿಯೂ ಖಚಿತವಾಗಿ ದಾಖಲಾಗುತ್ತವೆ. ಡೈನಮಿಕ್ ಮಾತ್ರ ಸ್ವರದ ಒಳಗಲ್ಲ, ಸ್ವರಗಳ ನಡುವೆ ಬರುವ ನಿರ್ದೇಶನವಾಗಿ ದಾಖಲಾಗುವುದರಿಂದ, ಅದನ್ನು ಯಾವ ಸ್ವರಕ್ಕೆ ಕಟ್ಟಬೇಕು ಎಂಬಲ್ಲಿ ಓದುವ ತಂತ್ರಾಂಶ ತನ್ನ ತೀರ್ಮಾನ ತೆಗೆದುಕೊಳ್ಳುತ್ತದೆ. ಫಿನಾಲೆಯಲ್ಲಿ ನೀವು ಗುರುತನ್ನು ಮೌಸ್‌ನಿಂದ ದೂರ ಎಳೆದಿಟ್ಟಿದ್ದರೆ, ಕಣ್ಣಿಗೆ ಮೂರನೆಯ ಪೆಟ್ಟಿನ ಕೆಳಗೆ ಕಂಡರೂ ಅದರ ಬೇರು ಮೊದಲ ಪೆಟ್ಟಿನಲ್ಲಿಯೇ ಇದ್ದಿರಬಹುದು.

ಹಾಗಾಗಿ ಫಿನಾಲೆ ಇನ್ನೂ ತೆರೆಯುವ ಕಂಪ್ಯೂಟರ್ ಇರುವಾಗಲೇ ಎಲ್ಲ ಕಡತಗಳನ್ನೂ ಮ್ಯೂಸಿಕ್ಎಕ್ಸ್ಎಂಎಲ್ ಆಗಿ ಹೊರತೆಗೆದಿಡಿ, ಜೊತೆಗೆ ಪ್ರತಿಯೊಂದರ ಪಿಡಿಎಫ್ ಪ್ರತಿಯೂ ಇರಲಿ. ಹೊಸ ತಂತ್ರಾಂಶದಲ್ಲಿ ತೆರೆದ ಮೇಲೆ ಪಿಡಿಎಫ್ ಎದುರಿಗಿಟ್ಟುಕೊಂಡು ಹೇರ್‌ಪಿನ್ನುಗಳ ಎರಡು ತುದಿಗಳನ್ನು ಮೊದಲು ಪರಿಶೀಲಿಸಿರಿ. ಬಳಿಕ ಗುರುತೆಂದು ಕಾಣುವುದು ನಿಜವಾಗಿ ಡೈನಮಿಕ್ಕೋ ಬರಿಯ ಪಠ್ಯವೋ ಎಂದು ಆಯ್ದು ನೋಡಿರಿ.

ಪ್ರಶ್ನೆ: ವೀಣೆಯ ಕೃತಿಗಳನ್ನು ಸ್ಟಾಫ್ ನೊಟೇಶನ್ನಿಗೆ ಇಳಿಸುತ್ತಿದ್ದೇನೆ. ಡೈನಮಿಕ್ಸ್ ಸೇರಿಸಲೇ? ಕಂಪಿತಕ್ಕೆ ಟ್ರಿಲ್ ಗುರುತು ಬಳಸಬಹುದೆ? (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಲ್ಲಿ ಪ್ರಕಟಿಸಿದ ಕರ್ನಾಟಕ ಸಂಗೀತ ಕೃತಿಗಳ ಬೃಹತ್ ಸಂಗ್ರಹದಲ್ಲಿ ಗಮಕಗಳಿಗೆ ಪ್ರತ್ಯೇಕ ಚಿಹ್ನೆಗಳನ್ನೇ ರೂಪಿಸಿಕೊಂಡರು. ನಮ್ಮ ಪದ್ಧತಿಯಲ್ಲಿ ಬರೆದು ತಿಳಿಸಬೇಕಾದದ್ದು ಯಾವುದೆಂಬುದಕ್ಕೆ ಅದೇ ಉತ್ತರ: ಧ್ವನಿಯ ಮಟ್ಟವಲ್ಲ, ಗಮಕ. ನಿಮ್ಮ ಬರಹ ವೈಣಿಕರಿಗಾಗಿಯೇ ಇದ್ದರೆ ಎಫ್, ಪಿಗಳ ಅಗತ್ಯವಿಲ್ಲ. ಪಿಟೀಲು, ಚೆಲ್ಲೊ ನುಡಿಸುವ ಪಾಶ್ಚಾತ್ಯ ವಾದಕರು ಜೊತೆಗೂಡುವುದಾದರೆ ಅವರ ಸಾಲುಗಳಿಗೆ ಮಾತ್ರ ಬರೆಯಿರಿ, ಅದೂ ವೀಣೆಯ ಮೆಲುದನಿ ಮುಳುಗದಂತೆ ಹೆಚ್ಚಾಗಿ ಪಿಯ ಆಸುಪಾಸಿನಲ್ಲಿ. ಟ್ರಿಲ್ ಬೇಡ. ಅದನ್ನು ಕಂಡ ಪಾಶ್ಚಾತ್ಯ ವಾದಕ ಪಕ್ಕದ ಸ್ವರವನ್ನು ಬಿಡಿಬಿಡಿಯಾಗಿ ವೇಗವಾಗಿ ತಟ್ಟುತ್ತಾನೆ, ತಂತ್ರಾಂಶವೂ ಹಾಗೆಯೇ ನುಡಿಸುತ್ತದೆ. ತಂತಿಯನ್ನು ಎಳೆದು ತೂಗುವ ಕಂಪಿತಕ್ಕೂ ಅದಕ್ಕೂ ಸಂಬಂಧವಿಲ್ಲ. ಸ್ವರದ ಮೇಲೆ ಸ್ಟಾಫ್ ಟೆಕ್ಸ್ಟ್ ಆಗಿ ‘ಕಂ’ ಎಂದು ಬರೆದು, ಮೊದಲ ಪುಟದ ಅಡಿಯಲ್ಲಿ ಅದರ ವಿವರಣೆ ಕೊಡಿರಿ. ಪಂಚಮದಿಂದ ಎಳೆದು ನುಡಿಸುವಂಥ ದೀರ್ಘ ಜಾರುಗಳಿಗೆ ಪ್ಯಾಲೆಟ್‌ನಲ್ಲಿರುವ ಗ್ಲಿಸಾಂಡೊ ರೇಖೆ ಒಂದು ಮಟ್ಟಿಗೆ ಒದಗುತ್ತದೆ.