ಉಡುಪಿ ಡೊಮೈನು ಮಂಗಳೂರಿಗೆ ಕಾಣ್ತಿಲ್ಲ, ಸ್ಟಬ್ ಝೋನ್ ಹಾಕುದಾ?

ಪ್ರಶ್ನೆ: ನಮ್ಮ ಹೆಡ್ ಆಫೀಸು ಮಂಗಳೂರು ಹಂಪನಕಟ್ಟೆಯಲ್ಲಿ. ಉಡುಪಿಯಲ್ಲಿ ಹೊಸ್ತಾಗಿ ತಗೊಂಡ ಕಂಪೆನಿಯದ್ದು ಬೇರೆಯೇ ಆ್ಯಕ್ಟಿವ್ ಡೈರೆಕ್ಟರಿ (ಬಳಕೆದಾರರು, ಪಿಸಿಗಳ ಲೆಕ್ಕ ಇಡುವ ಮೈಕ್ರೋಸಾಫ್ಟ್ ವ್ಯವಸ್ಥೆ), ಮಧ್ಯೆ ವಿಪಿಎನ್ (ಎರಡು ಆಫೀಸನ್ನು ಜೋಡಿಸುವ ಖಾಸಗಿ ದಾರಿ) ಉಂಟು. ಟ್ರಸ್ಟ್ (ಒಂದು ಡೊಮೈನಿನ ಲಾಗಿನ್ನನ್ನು ಇನ್ನೊಂದು ಒಪ್ಪುವ ಏರ್ಪಾಡು) ಮಾಡ್ಲಿಕ್ಕೆ ಹೋದ್ರೆ ಒಂದರ ಡೊಮೈನ್ ಇನ್ನೊಂದಕ್ಕೆ ಸಿಗ್ತಿಲ್ಲ. ಹೆಸರು ಕೊಟ್ರೆ ಐಪಿ ಹೇಳುವ ಡಿಎನ್‌ಎಸ್ ಸರ್ವರಲ್ಲಿ ಸೆಕೆಂಡರಿ ಝೋನಾ (ಝೋನ್ ಅಂದ್ರೆ ಒಂದು ಡೊಮೈನಿನ ಹೆಸರುಗಳ ದಾಖಲೆ), ಸ್ಟಬ್ಬಾ, ಕಂಡಿಷನಲ್ ಫಾರ್ವರ್ಡರಾ? ಉಡುಪಿ ಪಿಸಿಗಳಲ್ಲಿ ಎರಡನೇ ಡಿಎನ್‌ಎಸ್ 8.8.8.8 (ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್) ಅಂತ ಹಾಕಿದ್ದಾರೆ, ಅದು ಇರ್ಲಾ?

ಉತ್ತರ: ಮೊದ್ಲು ಆ 8.8.8.8 ತೆಗೀರಿ ಮಾರಾಯ್ರೇ. ಡೊಮೈನ್ ಕಂಟ್ರೋಲರ್ (ಲಾಗಿನ್ ನೋಡ್ಕೊಳ್ಳುವ ಸರ್ವರ್) ಎಲ್ಲುಂಟು ಅಂತ ಪಿಸಿ ತಿಳ್ಕೊಳ್ಳುದೇ ಡಿಎನ್‌ಎಸ್‌ನ ಎಸ್‌ಆರ್‌ವಿ ರೆಕಾರ್ಡಿಂದ, ನಿಮ್ಮ ಸರ್ವರ್ ಒಂದು ಗಳಿಗೆ ಸುಮ್ನಿದ್ರೆ ಪಿಸಿ ಗೂಗಲ್‌ನವರನ್ನು ಕೇಳ್ತದೆ, ಅವ್ರಿಗೆ ನಿಮ್ಮ ಒಳಗಿನ ಹೆಸರು ಎಲ್ಲಿಂದ ಗೊತ್ತಿರ್ಬೇಕು, ಅಂಥದ್ದೇ ಇಲ್ಲ ಅಂತಾರೆ, ಪಿಸಿ ಅದನ್ನೇ ನಂಬಿ ಕೂತ್ಕೊಳ್ತದೆ. ಇಂಟರ್ನೆಟ್ಟಿಗೆ ಬೇಕಾದ್ರೆ ಸರ್ವರಿನ ಫಾರ್ವರ್ಡರ್ಸ್ ಟ್ಯಾಬಲ್ಲಿ ಹಾಕಿ, ಪಿಸಿಯಲ್ಲಿ ಬೇಡ.

ಇನ್ನು ಆಯ್ಕೆ. ಸೆಕೆಂಡರಿ ಬಿಟ್ಟುಬಿಡಿ, ಇಡೀ ಝೋನಿನ ಕಾಪಿ ಎಂತಕ್ಕೆ? ಆಚೆಯವ್ರು ಝೋನ್ ಟ್ರಾನ್ಸ್‌ಫರ್ (ಆ ಕಾಪಿ ಕಳಿಸುದು) ಬಿಡ್ಬೇಕು, ಆ್ಯಕ್ಟಿವ್ ಡೈರೆಕ್ಟರಿಯೊಳಗೆ ಅದನ್ನು ಇಡ್ಲಿಕ್ಕೂ ಆಗುದಿಲ್ಲ.

ಸ್ಟಬ್ ನೋಡ್ಲಿಕ್ಕೆ ಚಂದ: ಎಸ್‌ಒಎ (ಝೋನಿನ ಮೂಲ ವಿವರ), ಎನ್‌ಎಸ್ (ಆ ಝೋನಿನ ಡಿಎನ್‌ಎಸ್ ಸರ್ವರ್‌ಗಳ ಹೆಸರು), ಆ ಸರ್ವರ್‌ಗಳ ಅಡ್ರೆಸ್ ಇಷ್ಟೇ ಇಟ್ಕೊಳ್ತದೆ, ಆಚೆ ಹೊಸ ಸರ್ವರ್ ಬಂದ್ರೆ ತಾನೇ ಅಪ್‌ಡೇಟ್ ಆಗ್ತದೆ. ಆದ್ರೆ ಎನ್‌ಎಸ್ ಪಟ್ಟಿಯಲ್ಲಿರುವ ಯಾವ ಸರ್ವರನ್ನಾದ್ರೂ ಕೇಳ್ಬಹುದು, ವಿಪಿಎನ್ ಫೈರ್‌ವಾಲಲ್ಲಿ ಎರಡಕ್ಕೆ ಮಾತ್ರ ದಾರಿ ಬಿಟ್ಟು ಪಟ್ಟಿಯಲ್ಲಿ ನಾಲ್ಕಿದ್ರೆ ಬೆಳಿಗ್ಗೆ ಸರಿ ಮಧ್ಯಾಹ್ನ ಇಲ್ಲ, ಇಂಥ ಕಂಪ್ಲೇಂಟ್ ಹುಡುಕುದು ದೊಡ್ಡ ತಲೆನೋವು. ಒಂದೇ ಸಂಸ್ಥೆ, ಎಲ್ಲಾ ದಾರಿ ತೆರೆದಿದೆ ಅಂತಾದ್ರೆ ಮಾತ್ರ ಸ್ಟಬ್.

ನಿಮಗೆ ಕಂಡಿಷನಲ್ ಫಾರ್ವರ್ಡರೇ ಸಾಕು. ಆಚೆ ಡೊಮೈನಿನ ಹೆಸರಿಗೆ ನೀವು ಕೊಟ್ಟ ಐಪಿಗಳನ್ನು ಬಿಟ್ಟು ಬೇರೆ ಯಾರನ್ನೂ ಕೇಳುದಿಲ್ಲ, ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಸ್ಟೋರ್ ಮಾಡುವ ಟಿಕ್ ಹಾಕಿದ್ರೆ ಉಳಿದ ಡೊಮೈನ್ ಕಂಟ್ರೋಲರ್‌ಗಳ ಡಿಎನ್‌ಎಸ್‌ಗೂ ಹೋಗ್ತದೆ. ಆಚೆಯವ್ರು ಐಪಿ ಬದಲಿಸಿದ್ರೆ ಮಾತ್ರ ಕೈಯಾರೆ ತಿದ್ದಬೇಕು. ಎರಡೂ ಕಡೆ ಮಾಡಿ, ಫೈರ್‌ವಾಲಲ್ಲಿ 53ನೇ ಪೋರ್ಟ್ ಯುಡಿಪಿ, ಟಿಸಿಪಿ ಎರಡೂ ತೆರೀರಿ, ತುಂಬಾ ಜನ ಟಿಸಿಪಿ ಮರೀತಾರೆ, ದೊಡ್ಡ ಉತ್ತರ ಬರುದೇ ಅದ್ರಲ್ಲಿ.

ಪಿಂಗ್ ಆಯ್ತು ಅಂತ ಖುಷಿಪಡ್ಬೇಡಿ. ಡಿಎನ್‌ಎಸ್ ಪರೀಕ್ಷಿಸುವ ಕಮಾಂಡ್ ಎನ್‌ಎಸ್‌ಲುಕಪ್ಪಲ್ಲಿ ಟೈಪ್ ಎಸ್‌ಆರ್‌ವಿ ಮಾಡಿ ಆಚೆ ಡೊಮೈನಿನ ಎಲ್‌ಡ್ಯಾಪ್ ರೆಕಾರ್ಡ್ (ಡೊಮೈನ್ ಕಂಟ್ರೋಲರ್‌ಗಳ ಹೆಸರು ಕೊಡುವಂಥದ್ದು) ಕೇಳಿ. ಟೈಮ್‌ಔಟ್ ಬಂದ್ರೆ ಫೈರ್‌ವಾಲ್ ನೋಡಿ, ಹೆಸರೇ ಇಲ್ಲ ಅಂದ್ರೆ ಸರ್ವರಿನ ಕ್ಯಾಶ್ (ನೆನಪಿಟ್ಟ ಹಳೇ ಉತ್ತರ) ಕ್ಲಿಯರ್ ಮಾಡಿ ಮತ್ತೊಮ್ಮೆ ಕೇಳಿ. ಡೊಮೈನ್ ಕಂಟ್ರೋಲರ್‌ಗಳ ಪಟ್ಟಿ ಬಂದ್ಮೇಲೆಯೇ ಟ್ರಸ್ಟ್‌ಗೆ ಕೈ ಹಾಕಿ.